ಎಂಟನೆಯ ಏಟಿನ ಸದ್ದು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಊರಿನಲ್ಲಿ ಏಟಿಗೆ ಸದ್ದಿಲ್ಲ. ಯಾಕೆ ಎಂದು ಕೇಳಬೇಡಿ. ನಿಮ್ಮ ಊರಿನಲ್ಲಿ ಏಟಿಗೆ ಸದ್ದು ಯಾಕಿದೆ ಎಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ? ಸುತ್ತಿಗೆ ಅಡಿಗಲ್ಲಿನ ಮೇಲೆ ಬೀಳುತ್ತದೆ, ಸದ್ದಿಲ್ಲ. ಕೈ ಕೆನ್ನೆಯ ಮೇಲೆ ಬೀಳುತ್ತದೆ, ಸದ್ದಿಲ್ಲ. ತೆಂಗಿನಕಾಯಿ ಒಡೆಯುತ್ತದೆ, ಬಾಗಿಲು ಬಡಿದುಕೊಳ್ಳುತ್ತದೆ, ತಗಡಿನ ಮೇಲೆ ಮಳೆ ಸುರಿಯುತ್ತದೆ, ಎಲ್ಲವೂ ಸುಮ್ಮನೆ. ಗಾಳಿಗೆ, ಹರಿಯುವ ನೀರಿಗೆ, ಊದುವ ವಾದ್ಯಕ್ಕೆ ಸದ್ದಿದೆ. ಮಾತಿಗಂತೂ ಏನೂ ತೊಂದರೆಯಿಲ್ಲ. ನಮ್ಮೂರ ಜನರ ಬಾಯಿ ನೋಡಿದರೆ ಅದಕ್ಕೂ ಸ್ವಲ್ಪ ತೊಂದರೆ ಇದ್ದಿದ್ದರೆ ಒಳ್ಳೆಯದಿತ್ತು. ಊರಾಚೆಯ ಸೇತುವೆ ದಾಟಿದರೆ ಎಲ್ಲವೂ ನಿಮ್ಮೂರಿನ ಹಾಗೆಯೇ.

ಹಾಗಾದರೆ ಬದುಕುವುದು ಹೇಗೆ? ಬಾಯಿಂದ. ಬಾಗಿಲು ತಟ್ಟುವವನು ಬೆರಳು ಮಡಚಿ ತಟ್ಟುತ್ತಾನೆ, ಜೊತೆಗೆ ‘ಟಕ್ ಟಕ್’ ಅನ್ನುತ್ತಾನೆ. ಶಾಲೆಯ ಜವಾನ ಗಂಟೆ ಹೊಡೆಯುತ್ತ ‘ಢಣ್ ಢಣ್’ ಎಂದು ಕೂಗುತ್ತಾನೆ; ಅವನಿಗೆ ನೆಗಡಿಯಾಗಿ ಗಂಟಲು ಕಟ್ಟಿದ ದಿನ ಮಕ್ಕಳು ಸಂಜೆ ಆರರ ತನಕ ಕೂತೇ ಇರುತ್ತಾರೆ. ಮದುವೆಗೆ ಡೊಳ್ಳಿನವರು ಡೊಳ್ಳು ಕಟ್ಟಿಕೊಂಡೇ ಬರುತ್ತಾರೆ, ಬೆವರು ಸುರಿಸಿ ಬಾರಿಸುತ್ತಾರೆ, ಆದರೆ ‘ಢಂಕು ಢಂಕು’ ಎಂದು ಬಾಯಲ್ಲೇ ಹೇಳಬೇಕು. ತಾಯಂದಿರು ಮಕ್ಕಳಿಗೆ ಹೊಡೆಯುವುದನ್ನೇ ಬಿಟ್ಟಿದ್ದಾರೆ. ಒಲೆಯ ಮುಂದೆ ಕೂತಲ್ಲಿಂದಲೇ ‘ಫಟ್’ ಅನ್ನುತ್ತಾರೆ, ಮಗು ಅಂಗಳದಲ್ಲಿ ಅಳುತ್ತದೆ. ಶ್ರಮ ಉಳಿಯಿತು.

ಊರಿನ ಕಾನೂನು ಒಂದೇ: ಏಟು ಕೊಟ್ಟವನೇ ಸದ್ದು ಕೊಡಬೇಕು. ಸದ್ದು ಕೊಟ್ಟರೆ ಅದು ಏಟು. ಆಮೇಲೆ ಗಾಯ ಮಾಯುವ ತನಕ ಹೊಡೆಸಿಕೊಂಡವನ ಆರೈಕೆ ಹೊಡೆದವನದು. ದವಾಖಾನೆಗೆ ಕರೆದುಕೊಂಡು ಹೋಗಬೇಕು, ಕೈಯಾರೆ ಗಂಜಿ ಕುಡಿಸಬೇಕು. ಸದ್ದು ಕೊಡದಿದ್ದರೆ ಏಟೇ ಬೀಳಲಿಲ್ಲ, ಬಿದ್ದವನು ತಾನಾಗಿ ಬಿದ್ದ ಎಂದು ಅರ್ಥ. ಬಡವನಿಗೂ ಶ್ರೀಮಂತನಿಗೂ ಒಂದೇ ನ್ಯಾಯ. ಬಾಯಿ ಮುಚ್ಚಿಕೊಂಡು ಹೊಡೆಯುವ ಸಂಯಮ ಶ್ರೀಮಂತರಿಗೇ ಸ್ವಲ್ಪ ಹೆಚ್ಚು ಎಂಬುದು ಬೇರೆ ಮಾತು. ನಮ್ಮಂಥವರಿಗೆ ಕೈ ಎತ್ತುವ ಮೊದಲೇ ಬಾಯಿ ತೆರೆದಿರುತ್ತದೆ.

ಇನ್ನು ನನ್ನ ವಿಷಯ. ನಾನು ಗದಿಗೆಪ್ಪ. ಹತ್ತೊಂಬತ್ತು ವರ್ಷ ಪಟ್ಟಣದ ಸ್ಟುಡಿಯೋದಲ್ಲಿ ಸಿನಿಮಾಗಳಿಗೆ ಸದ್ದು ಹಾಕಿದವನು. ನಾಯಕ ಕುದುರೆ ಏರಿದರೆ ತೆಂಗಿನ ಚಿಪ್ಪು ಬಡಿದವನು ನಾನು. ನಾಯಕಿ ಜಾರಿ ಬಿದ್ದರೆ ಒದ್ದೆ ಗೋಣಿಚೀಲವನ್ನು ನೆಲಕ್ಕೆ ಎಸೆದವನು ನಾನು. ಹೂವಿನ ಹಾರ ಅವರಿಗೆ ಬಿತ್ತು, ಸೊಂಟನೋವು ನನಗೆ ಬಂತು. ಪರದೆಯ ಮೇಲೆ ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ವಯಸ್ಸಾದ ಮೇಲೆ ಹಳೆಯ ಬೂಟು, ಸರಪಳಿ, ಚರ್ಮದ ಪಟ್ಟಿ ತುಂಬಿದ ಟ್ರಂಕು ಹೊತ್ತುಕೊಂಡು ಊರಿಗೆ ಮರಳಿದೆ. ಏಟಿಗೆ ಸದ್ದೇ ಇಲ್ಲದ ಊರಿಗೆ ಏಟಿನ ಸದ್ದು ಮಾಡುವವನು ಬಂದಿದ್ದಾನೆ ಎಂದು ಜನ ನಕ್ಕರು. ನಗಲಿ, ನಗುವುದಕ್ಕೆ ಇಲ್ಲಿ ಸದ್ದಿದೆ.

ಕೆಲವು ತಿಂಗಳ ಹಿಂದೆ ಎಣ್ಣೆ ಗಿರಣಿಯ ಗುರುಸಿದ್ಧಣ್ಣನ ಮಗ ತೇಜಸ್ ನನ್ನ ಮನೆಗೆ ಬಂದ. ಪಟ್ಟಣದಲ್ಲಿ ಕಿರುಚಿತ್ರಗಳ ಸ್ಪರ್ಧೆಯಿದೆ, ತಾನೊಂದು ಹೊಡೆದಾಟದ ಚಿತ್ರ ಮಾಡುತ್ತೇನೆ ಎಂದ. ಕಥೆ ಅವನದೇ, ನಿರ್ದೇಶನ ಅವನದೇ, ನಾಯಕನೂ ಅವನೇ. ಪ್ರೇಕ್ಷಕನೂ ಅವನೊಬ್ಬನೇ ಆಗಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ. ಚಿತ್ರದ ಹೆಸರು ‘ಎಂಟು ಏಟು’. ಕಥೆ ಏನೆಂದರೆ, ಒಬ್ಬ ಎಂಟು ಜನರನ್ನು ಹೊಡೆಯುತ್ತಾನೆ. ಯಾಕೆ ಹೊಡೆಯುತ್ತಾನೆ ಎಂದು ಕೇಳಿದೆ.

“ಅದು ಸೆಕೆಂಡ್ ಪಾರ್ಟಿನ್ಯಾಗ ಬರ್ತದ ಕಾಕಾ” ಅಂದ.

ಪರದೆಯ ಮೇಲೆ ನನ್ನ ಹೆಸರನ್ನು ಒಂದು ಮೊಳದ ಅಕ್ಷರದಲ್ಲಿ ಹಾಕುತ್ತೇನೆ ಎಂದೂ ಅಂದ. ಕಥೆ ಬಹಳ ಚೆನ್ನಾಗಿದೆ ಎಂದು ನಾನು ಹೇಳಿದೆ.

ಎಂಟು ರೌಡಿಗಳು ಬೇಕಿತ್ತು, ಸಿಕ್ಕಿದ್ದು ಆರು ಜನ. ಹಾಗಾಗಿ ಶಹನಾಯಿ ಯಮನೂರಪ್ಪ ಅಂಗಿ ಬದಲಿಸಿ ಬದಲಿಸಿ ಎರಡನೆಯ, ಐದನೆಯ ಮತ್ತು ಎಂಟನೆಯ ರೌಡಿಯಾದ. ಡೊಳ್ಳು ಮೂಕವಾಗಿರುವ ಊರಿನಲ್ಲಿ ಶಹನಾಯಿಯವನಿಗೆ ಎಷ್ಟು ಬೆಲೆ ಎಂದು ಬೇರೆ ಹೇಳಬೇಕಿಲ್ಲ. ಅವನು ಊದಿದರೆ ಮದುವೆಗೆ ಬಂದವರು ಊಟ ಮರೆಯುತ್ತಾರೆ ಎನ್ನುವುದು ಸುಳ್ಳು, ನಮ್ಮೂರಿನವರು ಊಟ ಮರೆಯುವುದಿಲ್ಲ. ಆದರೆ ಎರಡನೆಯ ಸಲ ಸಾರು ಕೇಳುವುದು ತಡವಾಗುತ್ತಿತ್ತು. ಮದುವೆಗಳಿಲ್ಲದ ತಿಂಗಳು, ಸುಮ್ಮನೆ ಕೂರುವ ಬದಲು ಬೀಳೋಣ ಎಂದು ಬಂದಿದ್ದ ಪಾಪ.

ಮೊದಲ ದಿನದ ಚಿತ್ರೀಕರಣ ನೋಡಿ ನನಗೆ ತಲೆ ಕೆಟ್ಟಿತು. ತೇಜಸ್ ಮುಷ್ಟಿ ಬೀಸಿದಾಗಲೆಲ್ಲ ಊರಿನ ರೂಢಿಯಂತೆ ಬಾಯಲ್ಲಿ ‘ಢಿಶುಂ’ ಅನ್ನುತ್ತಿದ್ದ. ಕ್ಯಾಮೆರಾದಲ್ಲಿ ನೋಡಿದರೆ ರೌಡಿಗೆ ಮುತ್ತು ಕೊಡಲು ಹೊರಟವನ ಹಾಗೆ ಕಾಣುತ್ತಿದ್ದ. ಸುತ್ತ ನಿಂತು ನೋಡುವವರೂ ಒಟ್ಟಾಗಿ ‘ಢಿಶುಂ’ ಅನ್ನುತ್ತಿದ್ದರು. ಆಗ ನಾನು ನನ್ನ ಹತ್ತೊಂಬತ್ತು ವರ್ಷದ ಬುದ್ಧಿಯನ್ನೆಲ್ಲ ಹೊರಗೆ ತೆಗೆದೆ. ಯಾರೂ ಬಾಯಿ ಬಿಡಬಾರದು, ಎಲ್ಲ ಸದ್ದನ್ನೂ ಆಮೇಲೆ ನಾನು ಹಾಕುತ್ತೇನೆ ಎಂದೆ. ಹೇಳಿದ ಮಾತ್ರಕ್ಕೆ ಹುಟ್ಟಿದಂದಿನ ರೂಢಿ ಹೋಗುತ್ತದೆಯೇ? ಅದಕ್ಕೆ ಎಲ್ಲರ ಬಾಯಿಗೂ ಒಂದೊಂದು ಅಡಿಕೆ ಹೋಳು ಕೊಟ್ಟೆ. ಹಲ್ಲಿನ ನಡುವೆ ಕಚ್ಚಿ ಹಿಡಿಯಬೇಕು, ಬಿದ್ದರೆ ಅವನು ಹೊರಗೆ. ನೋಡಲು ಬಂದವರಿಗೂ ಕೊಟ್ಟೆ. ಉಪಾಯ ಫಲಿಸಿತು. ತೇಜಸ್ಸಿನ ಮುಖ ಮೂರು ದಿನದಿಂದ ಹೊಟ್ಟೆ ಕಟ್ಟಿದವನ ಹಾಗಾಯಿತು. ಅದನ್ನೇ ಜನ ರೋಷ ಎಂದು ತಿಳಿದುಕೊಂಡರು.

ಏಳು ಏಟು ಮುಗಿದವು. ಪ್ರತಿ ಏಟೂ ಮೈಯಿಂದ ಒಂದು ಗೇಣು ದೂರ. ಎಂಟನೆಯದರ ಹೊತ್ತಿಗೆ ತೇಜಸ್ಸಿನ ಗೆಳೆಯರು ಹೊರಗಿನಿಂದ ಬಂದರು. ಒಬ್ಬ ಅಡಿಕೆಯನ್ನು ದವಡೆಗೆ ಸರಿಸಿ, ಇವನೇನು ನೊಣ ಓಡಿಸುತ್ತಿದ್ದಾನೆಯೇ ಎಂದು ಕೇಳಿದ. ಉಳಿದವರು ಅಡಿಕೆ ಕಚ್ಚಿಕೊಂಡೇ ಮೂಗಿನಲ್ಲಿ ನಕ್ಕರು. ತೇಜಸ್ ಕೆಂಪಾದ. ಮುಂದಿನ ಸಲ ಮುಷ್ಟಿ ಬೀಸಿದಾಗ ಆ ಗೇಣು ಇರಲಿಲ್ಲ.

ಯಮನೂರಪ್ಪ ಬೀಳಲಿಲ್ಲ, ಕೂತ. ಏನೋ ನೆನಪಾದವನ ಹಾಗೆ ಮೆಲ್ಲಗೆ ಕೂತ. ಬಾಯಿಂದ ಅಡಿಕೆ ಹೋಳು ಬಿತ್ತು, ಅದರ ಹಿಂದೆಯೇ ಎರಡು ಹಲ್ಲು ಬಿದ್ದವು. ಸದ್ದಿಲ್ಲ. ಗೆಳೆಯರು ಅಡಿಕೆ ಉಗುಳಿ ಕೈ ಕೈ ತಟ್ಟುತ್ತ ‘ಚಪ್ ಚಪ್ ಚಪ್’ ಎಂದು ಚಪ್ಪಾಳೆ ಹೇಳಿದರು. ತೇಜಸ್ ಬಾಯಿ ಬಿಟ್ಟಿರಲಿಲ್ಲ. ಅಡಿಕೆ ಅವನ ಹಲ್ಲಿನ ನಡುವೆ ಗಟ್ಟಿಯಾಗಿತ್ತು. ನನ್ನ ಶಿಸ್ತಿನ ಶಿಷ್ಯ.

ಯಮನೂರಪ್ಪನ ದವಡೆ ಎರಡು ಕಡೆ ಬಿರುಕು ಬಿಟ್ಟಿತ್ತು. ಊರಿನ ಡಾಕ್ಟರು ಬಟ್ಟೆ ಸುತ್ತಿ ಕಟ್ಟಿ, ಮೂರು ವಾರದೊಳಗೆ ಪಟ್ಟಣದ ದೊಡ್ಡ ದವಾಖಾನೆಯಲ್ಲಿ ತಂತಿ ಹಾಕಿಸಬೇಕು, ಇಲ್ಲವಾದರೆ ವಾರೆಯಾಗಿ ಕೂಡುತ್ತದೆ, ಆಮೇಲೆ ಶಹನಾಯಿಯನ್ನು ಗೋಡೆಗೆ ನೇತು ಹಾಕಬಹುದು ಎಂದರು. ಯಮನೂರಪ್ಪನ ಮನೆಯಲ್ಲಿ ಇದ್ದದ್ದು ಹೆಂಡತಿ ಹುಲಿಗೆವ್ವ, ಒಂದು ಆಡು, ಆ ಶಹನಾಯಿ. ದೊಡ್ಡ ದವಾಖಾನೆ ಇವು ಮೂರಕ್ಕೂ ನಿಲುಕುವಂಥದ್ದಲ್ಲ.

ಹುಲಿಗೆವ್ವ ಎರಡು ಹಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಟ್ಟೆಗೆ ಬಂದಳು. ನಮ್ಮಲ್ಲಿ ಏಟಿನ ನ್ಯಾಯ ಹೇಳುವವಳು ಸೂಲಗಿತ್ತಿ ದುಂಡವ್ವಜ್ಜಿ. ಊರಿನ ಅರ್ಧ ಜನರ ಬೆನ್ನಿಗೆ ಹುಟ್ಟಿದ ಕೂಡಲೇ ಮೊದಲ ಏಟು ಕೊಟ್ಟು ‘ಫಟ್’ ಎಂದವಳು ಅವಳೇ, ಹಾಗಾಗಿ ಏಟಿನ ವಿಷಯದಲ್ಲಿ ಅವಳಿಗಿಂತ ದೊಡ್ಡವರು ಯಾರೂ ಇಲ್ಲ. ಹೊಡೆದವನು ಸದ್ದು ಕೊಟ್ಟದ್ದನ್ನು ಯಾರು ಕೇಳಿದಿರಿ ಎಂದು ಅಜ್ಜಿ ಕೇಳಿದಳು. ಎಲ್ಲರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು. ಅದು ನಟನೆ, ಯಮನೂರ ಬಹಳ ಚೆನ್ನಾಗಿ ಬಿದ್ದ ಎಂದು ತೇಜಸ್ ಹೇಳಿದ. ಅವನ ಅಪ್ಪ ಗುರುಸಿದ್ಧಣ್ಣ, ಇಂಥ ಕಲಾವಿದ ನಮ್ಮೂರಿನಲ್ಲಿದ್ದದ್ದು ನಮಗೇ ಗೊತ್ತಿರಲಿಲ್ಲ ಎಂದು ಹೊಗಳಿದ. ಅಜ್ಜಿ ನನ್ನನ್ನು ಕೇಳಿದಳು. ನನಗೆ ಕೇಳಿಸಲಿಲ್ಲ ಎಂದೆ. ನನ್ನ ಜೀವಮಾನದಲ್ಲಿ ನಾನು ಹೇಳಿದ ಅತ್ಯಂತ ದೊಡ್ಡ ನಿಜ ಅದು, ಅದನ್ನು ಹೇಳಿದ್ದಕ್ಕೆ ಮೂರು ದಿನ ಊಟ ಸೇರಲಿಲ್ಲ.

“ಕೊಟ್ಟಾಂವ ಸದ್ದು ಕೊಡೂತನಕ ನನ್ನ ಕೈ ಕಟ್ಟೇತಿ ತಂಗಿ” ಅಂದಳು ದುಂಡವ್ವಜ್ಜಿ. “ಇವತ್ತಲ್ಲ, ಯಾವತ್ತ ಕೊಟ್ರೂ ಆದೀತು. ಆದ್ರ ಅವನ ಬಾಯಿಂದ ಬರಬೇಕು.”

ಹುಲಿಗೆವ್ವ ಎದ್ದು ಹೋಗುವಾಗ ನನ್ನ ಮುಂದೆ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

“ಬಾಯಾಗ ಅಡಿಕಿ ಇಟ್ಟಾಂವ ನೀ, ಕಾಕಾ. ಅಷ್ಟ ನೆಪ್ಪಿರ್ಲಿ” ಅಂದಳು.

ಇತ್ತ ಸಂಕಲನದ ಕೆಲಸ ನಡೆದಿತ್ತು. ಮಾಡುತ್ತಿದ್ದವಳು ರೇಷ್ಮಾ ನದಾಫ. ಮದುವೆಯ ವಿಡಿಯೋ ಅಂಗಡಿ ಅವಳದು. ನೆಂಟರ ಆಕಳಿಕೆ, ಬೀಗರ ಜಗಳ ಎಲ್ಲ ಕತ್ತರಿಸಿ ನಮ್ಮೂರ ಮದುವೆಗಳನ್ನು ನೋಡುವ ಹಾಗೆ ಮಾಡುವ ಪುಣ್ಯಾತ್ಮಳು. ಅವಳ ಕತ್ತರಿ ನೋಡಿ ನಾನೇ ದಂಗಾದೆ. ಮುಷ್ಟಿ ಹೊರಡುವುದು ಒಂದು ತುಣುಕಿನಲ್ಲಿ, ತಲೆ ತಿರುಗುವುದು ಇನ್ನೊಂದರಲ್ಲಿ. ತಾಗುವ ಕ್ಷಣವನ್ನು ತೋರಿಸುವುದೇ ಇಲ್ಲ. ನಡುವಿನ ಮೂರು ಫ್ರೇಮು ಕಿತ್ತು ಬಿಸಾಡುತ್ತಾಳೆ, ಆ ತೂತನ್ನು ನೋಡುವವನ ಕಣ್ಣೇ ಹೊಲಿದುಕೊಳ್ಳುತ್ತದೆ. ಸದ್ದನ್ನು ಏಟಿಗಿಂತ ಒಂದು ಫ್ರೇಮು ಮುಂಚೆ ಇಡುತ್ತಾಳೆ. ಅದಕ್ಕೂ ಮುಂಚೆ ಅರ್ಧ ಸೆಕೆಂಡು ಉಸಿರು, ಗಾಳಿ, ಸಂಗೀತ ಎಲ್ಲ ಬಂದ್. ಆಗ ಕೇಳುವವನ ಕಿವಿ ಏನಾಯಿತು ಎಂದು ಮುಂದಕ್ಕೆ ಬಾಗುತ್ತದೆ, ಬಾಗಿದ ಕಿವಿಗೇ ಸರಿಯಾಗಿ ಬಾರಿಸುತ್ತಾಳೆ. ಗೇಣು ದೂರದ ಏಳು ಏಟುಗಳೂ ಹಲ್ಲು ಉದುರಿಸುವ ಹಾಗಾದವು.

ಸದ್ದು ತರುವುದು ನನ್ನ ಪಾಲು. ದಿನಾ ಬೆಳಿಗ್ಗೆ ಟ್ರಂಕು, ಮೈಕು ಹೊತ್ತುಕೊಂಡು ಸೇತುವೆ ದಾಟಿ ಹುಣಸೆ ಮರದ ಕೆಳಗೆ ಕೂರುತ್ತಿದ್ದೆ. ಒದ್ದೆ ಟವೆಲನ್ನು ಬಂಡೆಗೆ ಬಡಿದರೆ ಒಂದನೆಯ ಏಟು. ಎಲೆಕೋಸಿಗೆ ಗುದ್ದಿದರೆ ಎರಡನೆಯದು. ಕಂಬಳಿಯೊಳಗೆ ಕಬ್ಬು ಮುರಿದರೆ ಐದನೆಯವನ ಪಕ್ಕೆಲುಬು. ಎಂಟನೆಯದಕ್ಕೆ ಮಾತ್ರ ಒಂದು ದೊಡ್ಡ ಕುಂಬಳಕಾಯಿ ತಂದು, ಅದರೊಳಗೆ ಹಪ್ಪಳ ತುಂಬಿ, ಬಟ್ಟೆ ಒಗೆಯುವ ಕೋಲಿನಿಂದ ಹೊಡೆದೆ. ಅಂಥ ಸದ್ದು ನನ್ನ ಕೈಯಿಂದ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಇಲ್ಲ. ಕೇಳಿ ನನ್ನ ದವಡೆಯೇ ನೋವಾಯಿತು. ಅದೇ ಹೊತ್ತಿಗೆ ಹೋಗುತ್ತಿದ್ದ ಲಾರಿಯವನು ಬ್ರೇಕು ಹಾಕಿ ಇಳಿದು, ಅಜ್ಜಾ ಮನೆಯಲ್ಲಿ ಯಾರಿದ್ದಾರೆ, ಬಿಟ್ಟು ಬರಲೇ ಎಂದು ಕೇಳಿ ಒಂದು ಬಾಳೆಹಣ್ಣು ಕೊಟ್ಟ.

ಆ ಸದ್ದನ್ನು ಎಂಟನೆಯ ಏಟಿಗೆ ಕೂಡಿಸಿ ನೋಡಿದೆವು. ಏಟು ಸುಳ್ಳಾಗಿ ಕಾಣುತ್ತಿತ್ತು. ಸದ್ದು ತಗ್ಗಿಸಿದೆವು, ಹಿಂದೆ ಸರಿಸಿದೆವು, ಮುಂದೆ ತಂದೆವು. ಊಹೂಂ. ಸುಳ್ಳು ಏಳೂ ನಿಜವಾಗಿ ಕೂತಿದ್ದವು, ನಿಜವಾದದ್ದು ಒಂದೇ ಸುಳ್ಳಾಗಿತ್ತು.

“ಖರೇ ಏಟು ನೋಡಾಕ ಸಣ್ಣದಿರ್ತದ ಕಾಕಾ. ಅದಕ್ಕ ನಿಮ್ಮ ಕುಂಬಳಕಾಯಿ ಜಾಸ್ತಿ ಆತು” ಅಂದಳು ರೇಷ್ಮಾ.

ಅಷ್ಟರಲ್ಲಿ ತೇಜಸ್ ಬಂದು ನೋಡಿ ಮುಖ ಸಿಂಡರಿಸಿದ. ಎಂಟನೆಯದನ್ನು ಕಿತ್ತು ಹಾಕಿ, ಅಲ್ಲಿ ಯಮನೂರ ನಟಿಸಿಯೇ ಇಲ್ಲ ಎಂದ. ವಿಮರ್ಶೆ ಸರಿಯಾಗಿಯೇ ಇತ್ತು, ಅವನು ನಟಿಸಿರಲಿಲ್ಲ. ಚಿತ್ರದ ಹೆಸರು ‘ಎಂಟು ಏಟು’, ಏಳೇ ಇದ್ದರೆ ಜನ ಬೆರಳು ಮಡಚಿ ಎಣಿಸುತ್ತಾರೆ ಎಂದು ರೇಷ್ಮಾ ತಣ್ಣಗೆ ಹೇಳಿದಳು. ಹಾಗಾದರೆ ಇರಲಿ, ಆದರೆ ಕಾಕಾನ ಆ ಸದ್ದನ್ನು ಇನ್ನೂ ಜೋರು ಮಾಡಿ, ಏನೂ ಕಾಣದ ಹಾಗೆ ಮಾಡಿ ಎಂದು ಹೋದ.

ಅವನು ಹೋದ ಮೇಲೆ ರೇಷ್ಮಾ ಎಂಟನೆಯ ಏಟಿನ ಸದ್ದನ್ನು ಪೂರ್ತಿ ತೆಗೆದು ಬರೀ ಚಿತ್ರ ಓಡಿಸಿದಳು. ನನ್ನ ಬಾಯಿ ‘ಫಟ್’ ಅಂದಿತು. ಇನ್ನೊಮ್ಮೆ ಓಡಿಸಿದಳು. ‘ಫಟ್’. ಮೂರನೆಯ ಸಲ ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ, ಬೆರಳ ಸಂದಿಯಿಂದ ‘ಫಟ್’ ಬಂತು. ಉಳಿದ ಏಳಕ್ಕೆ ಸ್ಪೀಕರು ಸದ್ದು ಕೊಡುತ್ತಿತ್ತು, ಬಾಯಿ ಸುಮ್ಮನಿತ್ತು. ಇದಕ್ಕೆ ಕೊಡುವವರಿಲ್ಲ ಎಂದ ಕೂಡಲೇ ಹುಟ್ಟು ರೂಢಿ ಎದ್ದು ಬಂತು. ರೇಷ್ಮಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಎಂಟನೆಯ ಸದ್ದನ್ನು ಬೇರೆಯಾಗಿ ಇಟ್ಟು, ಪ್ರದರ್ಶನದ ದಿನ ಸ್ಪೀಕರಿನ ಪೆಟ್ಟಿಗೆಯ ಹತ್ತಿರ ನಾನು ಕೂರಬೇಕು, ಕೆಂಪು ಗುಂಡಿ ಮೇಲಕ್ಕೆ ಸರಿಸಿದರೆ ಕುಂಬಳಕಾಯಿ ಕೇಳುತ್ತದೆ, ಬಿಟ್ಟರೆ ಇಲ್ಲ ಎಂದು ತೋರಿಸಿದಳು.

“ಸದ್ದು ನಿಮ್ದು, ಕೈ ನಿಮ್ದು. ನಾ ಏನೂ ಹೇಳಂಗಿಲ್ಲ” ಅಂದಳು.

ಪ್ರದರ್ಶನ ಗಿರಣಿಯ ಗೋದಾಮಿನಲ್ಲಿ, ಭಾನುವಾರ ಮಧ್ಯಾಹ್ನ, ಬಾಗಿಲು ಕಿಟಕಿಗೆಲ್ಲ ಗೋಣಿಚೀಲ ಹೊದಿಸಿ. ಡಾಕ್ಟರು ಕೊಟ್ಟ ಮೂರು ವಾರದಲ್ಲಿ ಐದು ದಿನ ಉಳಿದಿದ್ದವು. ಮುಂದಿನ ಸಾಲಿನಲ್ಲಿ ಗುರುಸಿದ್ಧಣ್ಣ, ತೇಜಸ್, ಅವನ ಪಕ್ಕದಲ್ಲಿ ಆಶೀರ್ವಾದ ಮಾಡಲಿ ಎಂದು ದುಂಡವ್ವಜ್ಜಿ. ಹಿಂದಿನ ಗೋಡೆಗೆ ಒರಗಿ ಹುಲಿಗೆವ್ವ, ತಲೆಯಿಂದ ಗದ್ದದ ತನಕ ಬಟ್ಟೆ ಕಟ್ಟಿಕೊಂಡ ಯಮನೂರಪ್ಪ. ಪರದೆಯ ಮೇಲೆ ಮೊದಲು ಬಂದದ್ದೇ ‘ಶಬ್ದ ಬ್ರಹ್ಮ ಗದಿಗೆಪ್ಪ’. ಒಂದು ಮೊಳಕ್ಕಿಂತ ಹೆಚ್ಚೇ ಇತ್ತು ಅಕ್ಷರ. ನನ್ನ ಕಣ್ಣು ಮಂಜಾಯಿತು, ಸುಳ್ಳು ಯಾಕೆ ಹೇಳಲಿ. ಅದಕ್ಕಾಗಿ ಹತ್ತೊಂಬತ್ತು ವರ್ಷ ಕಾದಿದ್ದೆ.

ಒಂದನೆಯ ಏಟು ಬಿತ್ತು. ಜನ ಬೆಚ್ಚಿದರು. ಹುಟ್ಟಿದಾಗಿನಿಂದ ಊರೊಳಗೆ ಇಂಥ ಸದ್ದು ಕೇಳಿದವರಲ್ಲ. ಎರಡು, ಮೂರು, ನಾಲ್ಕು. ಕಬ್ಬು ಮುರಿದಾಗ ಯಾರೋ ಸ್ವಂತ ಪಕ್ಕೆ ಹಿಡಿದುಕೊಂಡರು. ಏಳನೆಯದಕ್ಕೆ ಇಡೀ ಗೋದಾಮು ‘ಚಪ್ ಚಪ್’ ಎಂದು ಚಪ್ಪಾಳೆ ಹೇಳಿತು. ನನ್ನ ಬೆರಳು ಕೆಂಪು ಗುಂಡಿಯ ಮೇಲಿತ್ತು. ನನ್ನ ಜೀವಮಾನದ ಅತ್ಯುತ್ತಮ ಸದ್ದು ಅದರ ಕೆಳಗೆ ಕೂತಿತ್ತು. ಅದನ್ನೊಮ್ಮೆ ಜನಕ್ಕೆ ಕೇಳಿಸಿದರೆ ಸಾಕು, ಸಾಯುವ ತನಕ ಶಬ್ದ ಬ್ರಹ್ಮ ಎಂದೇ ಕರೆಯುತ್ತಾರೆ. ಹುಲಿಗೆವ್ವನ ಕಡೆ ನೋಡಬಾರದು ಎಂದುಕೊಂಡೆ. ನೋಡಿದೆ. ಅವಳು ಪರದೆ ನೋಡುತ್ತಿರಲಿಲ್ಲ, ಗಂಡನ ಗದ್ದದ ಬಟ್ಟೆ ಸಡಿಲಾಗಿತ್ತು, ಅದನ್ನು ಬಿಗಿ ಮಾಡುತ್ತಿದ್ದಳು. ನಾನು ಬೆರಳು ತೆಗೆದು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ.

ಪರದೆಯಲ್ಲಿ ಎಲ್ಲವೂ ನಿಂತಿತು. ಉಸಿರಿಲ್ಲ, ಗಾಳಿಯಿಲ್ಲ. ಮುಷ್ಟಿ ಹೋಯಿತು. ಈ ಸಲ ರೇಷ್ಮಾ ಎಲ್ಲೂ ಕತ್ತರಿಸಿರಲಿಲ್ಲ.

‘ಫಟ್’.

ಒಂದೇ ಬಾಯಿ. ಮುಂದಿನ ಸಾಲಿನಿಂದ. ಫ್ರೇಮಿಗೆ ಸರಿಯಾಗಿ. ಹತ್ತೊಂಬತ್ತು ವರ್ಷದಲ್ಲಿ ನಾನೂ ಅಷ್ಟು ಕರಾರುವಾಕ್ಕಾಗಿ ಒಂದು ಸದ್ದು ಕೂಡಿಸಿರಲಿಲ್ಲ. ಅರ್ಧ ಸೆಕೆಂಡಿನ ಮೇಲೆ ಗೋದಾಮಿನ ಉಳಿದ ಬಾಯಿಗಳು ‘ಫಟ್’ ಎಂದವು, ಕಣಿವೆಯಲ್ಲಿ ಮರುದನಿ ಬಂದ ಹಾಗೆ. ಪರದೆಯ ಮೇಲೆ ಯಮನೂರಪ್ಪ ಮೆಲ್ಲಗೆ ಕೂತ. ಎರಡು ಹಲ್ಲು ಬಿದ್ದವು.

ದುಂಡವ್ವಜ್ಜಿ ಗೋಣಿಚೀಲ ಸರಿಸಲು ಹೇಳಿದಳು. ಬೆಳಕು ಬಂತು. ತೇಜಸ್ ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ, ಅದು ಬೇರೆಯವರ ಬಾಯಿಯೇನೋ ಎಂಬ ಹಾಗೆ.

“ಸದ್ದು ಕೊಟ್ಟಿ ತಮ್ಮಾ” ಅಂದಳು ಅಜ್ಜಿ.

“ಎಲ್ಲಾರೂ ಅಂದ್ರಲ್ಲ ಅಜ್ಜಿ.”

“ಎಲ್ಲಾರೂ ನಿನ್ನ ಹಿಂದ ಅಂದ್ರು. ನೋಡಾವ್ರು ನೋಡಿ ಅಂತಾರ. ಎಲ್ಲಿ ಬೀಳ್ತದ ಅಂತ ಕೊಟ್ಟಾಂವಗ ಮೊದಲ ಗೊತ್ತಿರ್ತದ.”

ಗುರುಸಿದ್ಧಣ್ಣ ಎದ್ದು ನಿಂತು, ಸಿನಿಮಾ ಎಂದರೇನು, ಕಲೆ ಎಂದರೇನು ಎಂದು ಶುರು ಮಾಡಿದ. ಅಜ್ಜಿ ಅವನ ಮಾತು ಮುಗಿಯುವ ತನಕ ಕಾದು, ಆ ಸಿನಿಮಾದ ಹಲ್ಲು ಹುಲಿಗೆವ್ವನ ಸೆರಗಿನಲ್ಲಿ ಹೇಗೆ ಬಂತು ಎಂದು ಕೇಳಿದಳು. ಅವನು ಕೂತ. ತೇಜಸ್ ತಿರುಗಿ ಹಿಂದಿನ ಗೋಡೆಯ ಕಡೆ ನೋಡಿದ.

“ಕೊಟ್ಟೆ” ಅಂದ ಕೊನೆಗೆ. “ನೊಣ ಅಂದ್ರು ಅಜ್ಜಿ. ಸಿಟ್ಟ ಬಂತು. ಕೊಟ್ಟೆ.”

ಮರುದಿನ ಬೆಳಿಗ್ಗೆ ಗಿರಣಿಯ ಜೀಪು ಸೇತುವೆ ದಾಟಿತು. ತಂತಿ ಬಿತ್ತು, ದವಡೆ ಸೀದಾ ಕೂಡುತ್ತಿದೆ. ಶಹನಾಯಿ ಯಾವಾಗ ಎಂದು ಡಾಕ್ಟರು ಬಾಯಿ ಬಿಡುತ್ತಿಲ್ಲ; ಅವರಿಗೂ ಯಾರೋ ಅಡಿಕೆ ಕೊಟ್ಟಿರಬೇಕು. ತೇಜಸ್ ದಿನಕ್ಕೆ ಮೂರು ಹೊತ್ತು ಯಮನೂರಪ್ಪನ ಮನೆಗೆ ಹೋಗಿ ನಳಿಗೆಯಲ್ಲಿ ಗಂಜಿ ಕುಡಿಸುತ್ತಾನೆ. ಮೊದಲ ವಾರ ಅರ್ಧ ಮೂಗಿಗೆ, ಅರ್ಧ ಆಡಿಗೆ ಹೋಗುತ್ತಿತ್ತು. ಆಡು ದಪ್ಪಗಾಯಿತು. ಗಿರಣಿಯವರು ನನಗೆ ಎಣ್ಣೆ ಮಾರುವುದು ಬಿಟ್ಟಿದ್ದಾರೆ. ಎಣ್ಣೆ ಬಿಡು ಎಂದು ಡಾಕ್ಟರೂ ಹೇಳಿದ್ದರು.

ಏನೂ ಹೇಳಂಗಿಲ್ಲ ಎಂದಿದ್ದ ರೇಷ್ಮಾ, ಪ್ರದರ್ಶನದ ದಿನ ಬೆಳಿಗ್ಗೆಯೇ ಎಂಟನೆಯ ಸದ್ದು ಇಲ್ಲದ ಪ್ರತಿಯನ್ನು ಸ್ಪರ್ಧೆಗೆ ಕಳಿಸಿಬಿಟ್ಟಿದ್ದಳು. ಮೊನ್ನೆ ಉತ್ತರ ಬಂತು. ನಾನು ಯಮನೂರಪ್ಪನ ಮನೆಯಲ್ಲೇ ಕೂತಿದ್ದೆ. ತೇಜಸ್ ಒಂದು ಕೈಯಲ್ಲಿ ಗಂಜಿ ಬಟ್ಟಲು, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಓದಿದ. ಮೊದಲ ಏಳು ಏಟುಗಳು ಅತ್ಯಂತ ನೈಜವಾಗಿವೆ. ಎಂಟನೆಯದು ತೀರಾ ಕೃತಕ, ಪೆಟ್ಟು ತಿಂದ ನಟನಿಗೆ ಪೆಟ್ಟು ತಿನ್ನುವ ಅನುಭವವಿಲ್ಲ. ಶಬ್ದ ವಿಭಾಗದವರು ಕೊನೆಯಲ್ಲಿ ನಿದ್ದೆ ಹೋದಂತಿದೆ. ಬಹುಮಾನವಿಲ್ಲ.

ಯಮನೂರಪ್ಪನಿಗೆ ನಗು ಬಂತು. ತಂತಿ ಕಟ್ಟಿದ ಬಾಯಿ, ನಗು ಹೊರಗೆ ಬರಲು ದಾರಿಯಿಲ್ಲ. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು, ಮೂಗಿನಲ್ಲಿ ಏನೋ ನರಳಿಕೆಯಂಥದ್ದು ಹೊರಟಿತು. ದವಡೆ ಹಿಡಿದುಕೊಂಡು ಬಾಗಿದ. ತೇಜಸ್ ಬಟ್ಟಲು ಕೆಳಗಿಟ್ಟು, ಕಾಗದ ಬಿಸಾಡಿ, ಎರಡೂ ಅಂಗೈಗಳಲ್ಲಿ ಅವನ ಗದ್ದ ಹಿಡಿದ.

“ನಗಬ್ಯಾಡೋ ಯಮನೂರಣ್ಣಾ, ತಂತಿ ಹರೀತದ” ಅಂದ. ಅವನು ಅಣ್ಣ ಎಂದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಯಮನೂರಪ್ಪ ನಿಲ್ಲಿಸಲಿಲ್ಲ. ನಗು ಪೂರ್ತಿ ಮುಗಿಯುವ ತನಕ ತೇಜಸ್ ಹಾಗೆಯೇ ಹಿಡಿದುಕೊಂಡು ಕೂತ. ಗಂಜಿ ಆರಿಹೋಯಿತು. ಹುಲಿಗೆವ್ವ ಬಂದು ಬಟ್ಟಲು ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಳು.